ನಾಳೆಯ ಸಹಿ

ಪೊಲೀಸರನ್ನು ಕಂಡರೆ ಹೆದರುವವರು ನಮ್ಮ ಕುಂದಾಪುರದ ಕಡೆ ಎಷ್ಟು ಬೇಕಾದರೂ ಸಿಗುತ್ತಾರೆ. ಪೊಲೀಸರೇ ಹೆದರುವ ಮನುಷ್ಯನನ್ನು ಕಂಡಿದ್ದೀರಾ? ಹಾಗಾದರೆ ನೀವು ಬೀಜಾಡಿಯ ನನ್ನ ಮಾವನನ್ನು ನೋಡಬೇಕಿತ್ತು! ಆಳು ಐದಡಿ ಎರಡಂಗುಲ, ಕೈಯಲ್ಲಿ ಸದಾ ಒಂದು ಕೊಡೆ. ಆ ಕೊಡೆ ಠಾಣೆಯ ಮೆಟ್ಟಿಲಿಗೆ ತಾಗಿದ ಸದ್ದು ಕೇಳಿದರೆ ಸಾಕು, ಒಳಗಿದ್ದ ಪೇದೆಗಳು ಟೊಪ್ಪಿ ಹುಡುಕುತ್ತಿದ್ದರು.

ಇವರು ನನ್ನ ಅಮ್ಮನ ಅಣ್ಣ. ಮುಂಬಯಿಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದರು. ಮದುವೆಯಾಗಲು ಬಿಡುವೇ ಸಿಗಲಿಲ್ಲವಂತೆ! ಊರಿಗೆ ಮರಳಿ ಸಮುದ್ರದ ಬದಿ ಎರಡು ಕೋಣೆಯ ಮನೆ ಕಟ್ಟಿಸಿದರು. ದಿನವಿಡೀ ಬಂದ ಗಿರಾಕಿಗಳನ್ನೆಲ್ಲ ಕೂರಿಸಿ ವಿಚಾರಿಸಿದವರಿಗೆ ಇಲ್ಲಿ ವಿಚಾರಿಸಲು ಸಿಕ್ಕಿದ್ದು ಒಂದು ನಾಯಿ. ಅದೂ ಪಕ್ಕದ ಮನೆಯದು.

ಆಗಲೇ ನಮ್ಮ ಕಡೆಯ ಠಾಣೆಯಲ್ಲಿ ನಾಗರಿಕ ಸಮಿತಿ ಎಂಬುದೊಂದು ಹುಟ್ಟಿತು. ಪೊಲೀಸರ ಕೆಲಸ ಹೇಗಿದೆ ಎಂದು ಊರಿನ ಹತ್ತು ಮಂದಿ ತಿಂಗಳಿಗೊಮ್ಮೆ ಕೂತು ಹೇಳಬೇಕು. ಸಂಬಳವಿಲ್ಲ, ಗೋಳಿಬಜೆ ಉಂಟು. ಒಂಬತ್ತು ಮಂದಿ ಗೋಳಿಬಜೆ ತಿಂದು, ಎಲ್ಲ ಚೆನ್ನಾಗಿದೆ ಎಂದು ಹೇಳಿ ಎದ್ದರು. ಮಾವ ಮಾತ್ರ ಸಮಿತಿಯ ನಿಯಮಗಳ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿದರು. ಅನಾಹುತ ಶುರುವಾದದ್ದು ಅಲ್ಲಿಂದ.

ಮೊದಲ ತಕರಾರು ಬೆಂಚಿನದು. ದೂರು ಕೊಡಲು ಬಂದವರನ್ನು ನಿಲ್ಲಿಸುವುದೆಂದರೇನು? ಹೋಟೆಲಿಗೆ ಬಂದ ಗಿರಾಕಿಯನ್ನು ಯಾರಾದರೂ ನಿಲ್ಲಿಸುತ್ತಾರೆಯೇ? ಎರಡು ಸಭೆ ವಾದಿಸಿ ಹೊಸ ಬೆಂಚು ಹಾಕಿಸಿದರು. ಮರುವಾರ ಹೋಗಿ ನೋಡಿದರೆ, ಕೋಳಿ ಅಂಕದ ಜೂಜಿನಲ್ಲಿ ಸಿಕ್ಕಿಬಿದ್ದ ನಾಲ್ವರು ಅದರ ಮೇಲೆ ಆರಾಮವಾಗಿ ಕೂತಿದ್ದಾರೆ, ಕೋಳಿಯ ಸಮೇತ! ದೂರು ತಂದವನು ಎಂದಿನಂತೆ ಗೋಡೆಗೆ ಒರಗಿ ನಿಂತಿದ್ದ.

ಎರಡನೆಯದು ಬೀಟ್ ಪುಸ್ತಕ. ಗಸ್ತಿಗೆ ಬರುವ ಪೇದೆ ನಿಜವಾಗಿ ಬಂದನೋ ಇಲ್ಲವೋ ತಿಳಿಯಲು ಬ್ಯಾಂಕು, ದೇವಸ್ಥಾನಗಳಲ್ಲಿ ಒಂದೊಂದು ಪುಸ್ತಕ ತೂಗುಹಾಕಿರುತ್ತಾರೆ. ದಿನಾ ಬಂದು ತಾರೀಕು, ಸಮಯ ಬರೆದು ಸಹಿ ಹಾಕಬೇಕು. ಅದನ್ನು ತೆರೆದು ನೋಡುವ ಅಧಿಕಾರ ಸಮಿತಿಯವರಿಗಿತ್ತು. ಬೇರೆ ಯಾರು ನೋಡುತ್ತಾರೆ? ಮಾವ ಕೊಡೆ ಹಿಡಿದು ಹೊರಟರು. ಮುಂದಿನ ಸಭೆಯಲ್ಲಿ ಪುಸ್ತಕವನ್ನೇ ಎಸ್‌ಐ ಸಾಹೇಬರ ಮೇಜಿನ ಮೇಲಿಟ್ಟು, ಗದಗದ ಕಡೆಯಿಂದ ಹೊಸದಾಗಿ ಬಂದಿದ್ದ ಪೇದೆಯನ್ನು ತೋರಿಸಿದರು.

"ಸಾಹೇಬ್ರೆ, ಇವ್ರ್ ನಾಳೆಯೂ ಬಂದ್ ಹೋಯಿರ್. ನಾಳೆ ಎಂತ ಆಪ್ದ್ ಅಂದೇಳಿ ಇವ್ರ ಹತ್ರವೇ ಕೇಣಿ."

ನೋಡಿದರೆ, ನಾಳೆಯ ಸಹಿ ಇವತ್ತೇ ಬಿದ್ದಿತ್ತು! ಸಾಹೇಬರು ಪೇದೆಗೆ ಎಲ್ಲರೆದುರೇ ಉಗಿದರು. ಆ ಹುಡುಗನ ಮುಖ ಕೆಂಪಾಯಿತು. ಮಾವನಿಗೆ ಆ ರಾತ್ರಿ ಊಟ ಸೇರಲಿಲ್ಲ ಎಂದು ಅಮ್ಮ ಹೇಳಿದ್ದಳು. ಪ್ರಾಯಶ್ಚಿತ್ತ ಮಾಡಿಕೊಳ್ಳುವ ಬದಲು ಅವರು ಮಾಡಿದ್ದೇನು? ತಮ್ಮ ಮನೆಯ ಗೇಟಿಗೂ ಒಂದು ಬೀಟ್ ಪುಸ್ತಕ ಬೇಕೆಂದು ಅರ್ಜಿ ಕೊಟ್ಟರು! ಆ ದಾರಿಯಲ್ಲಿ ಬೀಗ ಹಾಕಿದ ಮನೆಗಳೇ ಹೆಚ್ಚು, ಕಳ್ಳರ ಭಯ ಎಂದು ಕಾರಣ. ಪೀಡೆ ಕಳೆಯಲಿ ಎಂದು ಸಾಹೇಬರು ಒಪ್ಪಿದರು.

ಬಿಸ್ಕೆಟ್ ಡಬ್ಬಿಯೊಂದು ಗೇಟಿಗೆ ಬಂತು, ಅದರೊಳಗೆ ಪುಸ್ತಕ ಮತ್ತು ದಾರ ಕಟ್ಟಿದ ಪೆನ್ನು. ಪ್ರತಿದಿನ ಸಂಜೆ ಐದಕ್ಕೆ ಅದೇ ಪೇದೆ ಸೈಕಲ್ಲಿನಲ್ಲಿ ಹಾಜರು. ಬರೀ ಸಹಿ ಹಾಕಿ ಹೋಗಲು ಮಾವ ಬಿಡಬೇಕಲ್ಲ! 'ವಿಶೇಷ' ಎಂಬ ಕಾಲಮ್ಮು ಖಾಲಿ ಇರಕೂಡದು.

"ವಿಶೇಷ ಏನೂ ಇಲ್ರೀ, ಹಿರಿಯರೇ."

"ಸರೀ ಕಂಡ್ಕಂಡ್ ಬರಿ."

ಹೀಗಾಗಿ ಬೀಜಾಡಿಯ ಪೊಲೀಸ್ ದಾಖಲೆಯಲ್ಲಿ ನಾಯಿ ಮರಿ ಹಾಕಿದ್ದು, ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಬಡಿದದ್ದು, ಎಲ್ಲವೂ ನಮೂದಾಯಿತು. ಇನ್ನು ಚಹಾ. ಪೇದೆಗೆ ಚಹಾ ಕೊಟ್ಟರೆ ಅದು ಲಂಚ. ಸಮಿತಿಯವನೇ ಕೊಟ್ಟರೆ ಮಹಾಪರಾಧ. ಆದ್ದರಿಂದ ಮಾವ ಎರಡು ಲೋಟ ಚಹಾ ತಂದು, ಒಂದನ್ನು ಕಂಪೌಂಡಿನ ಮೇಲೆ ಮರೆತಂತೆ ಇಟ್ಟು, ತೆಂಗಿನ ಮರ ನೋಡುತ್ತಾ ನಿಲ್ಲುತ್ತಿದ್ದರು. ತಿರುಗಿದಾಗ ಲೋಟ ಖಾಲಿ. ಕುಡಿದವರು ಯಾರೋ, ಇಬ್ಬರಿಗೂ ಗೊತ್ತಿರಲಿಲ್ಲ!

ಕೆಲವು ವರ್ಷಗಳಲ್ಲಿ ಸಾಹೇಬರು ಬದಲಾದರು. ಸಮಿತಿಯ ಸಭೆಯನ್ನು ಮೊದಲು ಮುಂದೂಡಿದರು, ಆಮೇಲೆ ಮರೆತರು. ಗೇಟಿನ ಪುಸ್ತಕ ಇನ್ನು ಬೇಕಿಲ್ಲ ಎಂದು ಪೇದೆಗೆ ಹೇಳಿಯೂ ಆಯಿತು. ಆದರೆ ಐದು ಗಂಟೆಗೆ ಸೈಕಲ್ಲು ಬರುವುದು ನಿಲ್ಲಲಿಲ್ಲ. ಮಾವ ಈಗ ಧೈರ್ಯವಾಗಿ ಲೋಟವನ್ನು ಅವನ ಕೈಗೇ ಕೊಟ್ಟರು.

ನಾನು ಇರುವುದು ಬ್ರಹ್ಮಾವರದಲ್ಲಿ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಒಂದು ಭಾನುವಾರ ಹೋದಾಗ ಮಾವ ಆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಪೇದೆಗೆ ತನ್ನ ಊರಾದ ಗದಗದ ಕಡೆ ವರ್ಗವಾಗಿ, ಅವನು ನಾಲ್ಕು ದಿನದ ಹಿಂದೆ ಹೇಳಿ ಹೋಗಿದ್ದನಂತೆ. ಮಾವ ಒಳಗೆ ಚಹಾ ಮಾಡುತ್ತಿದ್ದ ಹೊತ್ತಿನಲ್ಲಿ ಅವನು ಪುಸ್ತಕದಲ್ಲಿ ಮುಂದಿನ ಒಂದು ತಿಂಗಳ ಸಹಿ ಹಾಕಿಬಿಟ್ಟಿದ್ದ. ಪ್ರತಿ ಸಾಲಿನಲ್ಲೂ ತಾರೀಕು, ಸಂಜೆ ಐದು, ವಿಶೇಷದಲ್ಲಿ ಒಂದೇ ಮಾತು: 'ಹಿರಿಯರು ಗೇಟಿನಲ್ಲಿ ಇದ್ದರು. ಚಹಾ ಚೆನ್ನಾಗಿತ್ತು.'

ನಾನು ತಮಾಷೆಗೆ, ಇದು ಕಳ್ಳ ಸಹಿಯಲ್ಲವೇ, ದೂರು ಕೊಡುವುದಿಲ್ಲವೇ ಎಂದೆ. ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

"ಇವತ್ತಿನ್ ಸಹಿ ಇತ್ತಲ, ಮಾಣಿ. ಅಂವ ಬಂದ್ ಹೋದಾಂಗೇ ಲೆಕ್ಕ."

ಐದು ಗಂಟೆಗೆ ಎದ್ದು ಕಂಪೌಂಡಿನ ಮೇಲೆ ಒಂದು ಲೋಟ ಇಟ್ಟು, ತೆಂಗಿನ ಮರ ನೋಡುತ್ತಾ ನಿಂತರು. ತಿರುಗಿದಾಗ ಲೋಟ ತುಂಬಿಯೇ ಇತ್ತು. ನನಗೆ ನಾಚಿಕೆಯಾಯಿತು. ಅರ್ಧ ಗಂಟೆಯ ದಾರಿಯನ್ನು ನಾನು ಸವೆಸದೆ ಮೂರು ತಿಂಗಳಾಗಿತ್ತು.

ದಾರದ ಪೆನ್ನು ಎಳೆದು, ಪೇದೆಯ ಆ ಒಂದು ತಿಂಗಳ ಕೊನೆಯ ಸಹಿ ಎಲ್ಲಿದೆ ಎಂದು ಹುಡುಕಿದೆ. ಅದರ ಕೆಳಗೆ, ಅವನ ತಿಂಗಳು ಮುಗಿದ ಮರುದಿನದ ತಾರೀಕು ಬರೆದು ನನ್ನ ಸಹಿ ಹಾಕಿದೆ. ಅದರ ಕೆಳಗಿನ ಸಾಲಿಗೂ ಹಾಕಿದೆ. ಮಾವ ಬಗ್ಗಿ ನೋಡಿದರು.

"ಟೈಮೂ ಬರಿ," ಎಂದರು. "ಆ ಹೊತ್ತಿಗ್ ಚಾ ಮಾಡಿ ಇಡ್ಕಲ."