ಎಲುಬಿಲ್ಲದ ಅಳಿಯ

ಬಾಲಮ್ಮ: ಎಲುವು ಎಲ್ಲ್ಯದಾವ್ರೀ ಸಾಬ್ರ? ಒಂದೂ ಕಾಣವಲ್ದು!

ರಾಯಚೂರಿನ ನಬೀಸಾಬರ ಬೂಟಿನಂಗಡಿಗೆ ಹೈದರಾಬಾದಿನಿಂದ ಹೊಸ ಯಂತ್ರವೊಂದು ಬಂದಿತ್ತು. ಕೆಳಗಿನ ಗೂಡಿನಲ್ಲಿ ಕಾಲಿಟ್ಟರೆ ಮೇಲಿನ ಕಿಂಡಿಯಲ್ಲಿ ಬೂಟು, ಅದರೊಳಗಿನ ಎಲುಬು ಎರಡೂ ಕಾಣುತ್ತಿದ್ದವು. ಆದರೆ ದೇವದುರ್ಗದ ಬಾಲಮ್ಮ ಗೂಡಿನಲ್ಲಿಟ್ಟದ್ದು ಕಾಲನ್ನಲ್ಲ. ಮದುವೆಯ ಬೂಟಿಗೆಂದು, ಅಳಿಯನಾಗುವವನ ಪಾದದಷ್ಟೇ ಉದ್ದಕ್ಕೆ ಮುರಿದು ತಂದ ಜೋಳದ ದಂಟನ್ನು.

ನಬೀಸಾಬ್: ಅಮ್ಮಾ, ಅದು ದಂಟು. ಅದಕ್ಕೆಲ್ಲಿ ಎಲುವು?

ಬಾಲಮ್ಮ: ದಂಟು ಯಾರದು? ಅಳಿಯಂದು! ಎಲುವಿಲ್ಲದಾಂವಗ ಮಗಳ್ನ ಹ್ಯಾಂಗ ಕೊಡ್ಲಿ?

ಜಂಬಣ್ಣ: (ಹೆಂಡತಿಗೆ) ಸುಮ್ನಿರು. ಸಾಬ್ರ, ದಂಟಿನಷ್ಟು ಉದ್ದಂದು ಒಂದು ಜೋಡು ಕೊಡ್ರಿ, ಹೊಂಡ್ತೀವಿ.

ನಬೀಸಾಬ್: ಎಲುವು ನೋಡದ ಬೂಟು ಕೊಟ್ರ ನನ್ನ ಮಷೀನಿಗೆ ಅವಮಾನ. ಹುಡುಗನ್ನ ಕರ್ಕೊಂಡು ಬರ್ರಿ.

ಬಾಲಮ್ಮ: ಕೈಗೆ ಸಿಕ್ರಲ್ಲ ಆ ಹುಡುಗ! ಮುಂಜಾನಿ ಮಾನ್ವಿಯಾಗ, ಸಂಜಿಗೆ ದೇವಸುಗೂರಾಗ. ಮಲಗಿದ್ದಾಗ ಅಳತಿ ತಗೊಂಡ್ಬಂದೀನಿ. ಮಗಳು ದಿನಾ ಬಾಗ್ಲಾ ಕಾಯೋದಾಗ್ತದಂತ ನನ್ನ ಜೀವ ಹೊಡ್ಕೊಳ್ಳಾಕತ್ತದ. ನಮ್ಮ ಮನಿಯವ್ರನ್ನ ನೋಡ್ರಿ, ಲಗ್ನ ಆದಾಗಿಂದ ಕಟ್ಟಿ ಬಿಟ್ಟು ಇಳಿದಿಲ್ಲ!

ಜಂಬಣ್ಣ: (ಮೀಸೆ ತಿರುವುತ್ತ) ಅದು ನನ್ನ ಗುಣ.

ಬಾಲಮ್ಮ: ಹಂಗಾರ ನೀವs ಕಾಲಿಡ್ರಿ. ಮಷೀನು ಖರೆ ಹೇಳ್ತದೋ ಇಲ್ಲೋ ನೋಡ್ತೀನಿ.

ಜಂಬಣ್ಣ: ನಂದ್ಯಾಕ? ಲಗ್ನ ನಂದೇನು?

ಬಾಲಮ್ಮ: ಯಾಕ, ನಿಮಗೂ ಎಲುವಿಲ್ಲೇನು?

ಜಂಬಣ್ಣ ತೇಪೆಯ ಮೇಲೆ ತೇಪೆ ಬಿದ್ದ ಹಳೆಯ ಬೂಟುಗಾಲನ್ನು ಹೆದರುತ್ತಲೇ ಗೂಡಿಗೆ ಇಳಿಸಿದ. ಸಾಬರು ಗುಂಡಿ ಒತ್ತಿದರು. ಯಂತ್ರ ಗುಂಯ್ ಎಂದಿತು, ಕಿಂಡಿಯಲ್ಲಿ ಹಸಿರು ಬೆಳಕು ಮೂಡಿತು.

ನಬೀಸಾಬ್: ಯಾ ಅಲ್ಲಾ! ಬೆರಳು ಒಂದರ ಮ್ಯಾಲೊಂದು ಹತ್ತಿ ಕುಂತಾವ! ಈ ಬೂಟು ಯಾರು ಕೊಟ್ರು ಯಜಮಾನ್ರ?

ಜಂಬಣ್ಣ: ಮೆಲ್ಲಕ ಮಾತಾಡ್ರಿ! ಲಗ್ನದಾಗ ನಮ್ಮ ಮಾವ ಕೊಟ್ಟದ್ದು. ಅವ್ರೂ ದಂಟಿನ ಅಳತೀನs ತಗೊಂಡಿದ್ರು. ದಾರ್ಯಾಗ ಅದರ ತುದೀನ ಎತ್ತು ತಿಂದುಬಿಟ್ಟಿತ್ತು.

ಬಾಲಮ್ಮ: ಅಯ್ಯ, ಬಿಗಿ ಅದಾವಂತ ಒಂದಿನಾನೂ ಬಾಯಿ ಬಿಡಲಿಲ್ಲಲ್ಲ!

ಜಂಬಣ್ಣ: ಬಿಟ್ರ ನಿಮ್ಮಪ್ಪನ ಮರ್ಯಾದಿ ಏನಾಗಬೇಕು? ಬರಿಗಾಲಾಗ ಹೊಂಟ್ರ 'ನಾ ಕೊಟ್ಟ ಬೂಟು ಎಲ್ಲಿ' ಅಂತಿದ್ರು. ಹಾಕ್ಕೊಂಡು ನಾಕು ಹೆಜ್ಜಿ ನಡೆದ್ರ ಜೀವ ಹೋಗ್ತಿತ್ತು. ಅದಕ್ಕs ಕಟ್ಟಿ ಮ್ಯಾಲ ಕುಂತೆ!

ನಬೀಸಾಬ್: ನೋಡಿದ್ರೇನಮ್ಮಾ? ಅದಕ್ಕs ಹೇಳಿದ್ದು, ಅಳಿಯನ್ನ ಕರ್ಕೊಂಡು ಬರ್ರಿ ಅಂತ.

ಬಾಲಮ್ಮ ಮತ್ತೊಮ್ಮೆ ಕಿಂಡಿಗೆ ಬಗ್ಗಿ ಗಂಡನ ಬೆರಳುಗಳನ್ನು ಕಣ್ತುಂಬ ನೋಡಿದಳು. ಆಮೇಲೆ ಅಳಿಯನ ದಂಟನ್ನೆತ್ತಿ, ಅದರ ತುದಿಯನ್ನು ಹಲ್ಲಿನಿಂದ ಕಟಕ್ಕನೆ ಕಡಿದು ಉಗುಳಿ, ಉಳಿದದ್ದನ್ನು ಸಾಬರ ಕೈಗಿಟ್ಟಳು.

ಬಾಲಮ್ಮ: ನಿಮ್ಮ ಮಷೀನು ಖರೇನs ಹೇಳ್ತದ ಬಿಡ್ರಿ ಸಾಬ್ರ. ತಗೋರಿ, ಅಳಿಯಗ ಈ ಅಳತೀವು ಕೊಡ್ರಿ!