ಕಂಪ್ರೆಸರ್ ನೀರು ಡಬ್ಬಕ್ಕೆ, 'ಭುಸ್' ಶಬ್ದ ಬೀದಿಗೆ

ಸಂಖ್ಯೆ: ಗಾ.ನೀ.ವಿ/ಭುಸ್/17/2024-25
ಕೋಲಾರ, ಗುರುವಾರ

ತಿದ್ದುಪಡಿ ಸುತ್ತೋಲೆ

ವಿಷಯ: ಕ್ಯಾಲನೂರಿನ ಪಂಕ್ಚರ್ ಅಂಗಡಿಯ ಏರ್ ಕಂಪ್ರೆಸರ್‌ನಿಂದ ಬರುವ ಎಣ್ಣೆ ಬೆರೆತ ನೀರಿನ ಸುರಕ್ಷಿತ ವಿಲೇವಾರಿ.

ಉಲ್ಲೇಖ: 1. ಈ ಕಚೇರಿಯ ಸೋಮವಾರದ ನಿಷೇಧಾಜ್ಞೆ.
2. ಸದರಿ ಆಜ್ಞೆಯಿಂದ ಮಂಗಳವಾರ ಆದ ಫಜೀತಿ.

ಅಂಗಡಿಯ ಮಾಲೀಕರಾದ ಮುಖ್ತಿಯಾರ್ ಅವರು ಹದಿನೆಂಟು ವರ್ಷಗಳಿಂದ ಪ್ರತಿದಿನ ಬೆಳಗ್ಗೆ ಐದಕ್ಕೆ ಕಂಪ್ರೆಸರ್ ಟ್ಯಾಂಕಿನ ಅಡಿಯ ವಾಲ್ವ್ ತಿರುಗಿಸಿ, ಸೇರಿದ ನೀರನ್ನು ಚರಂಡಿಗೆ ಬಿಡುತ್ತಿದ್ದರು. ಅದರ ಎಣ್ಣೆ ಕೆರೆ ಸೇರುವುದರಿಂದ ವಾಲ್ವ್ ತೆರೆಯುವುದನ್ನೇ ನಿಷೇಧಿಸಲಾಗಿತ್ತು. ವಾಲ್ವ್ ತೆರೆದಾಗ ಹೊರಡುವ 'ಭುಸ್' ಶಬ್ದಕ್ಕೇ ಇಡೀ ಬೀದಿ ಎದ್ದು ಹಾಲು ಕರೆಯುತ್ತದೆ ಎಂಬ ಅಂಶ ಕಡತದಲ್ಲಿ ಇರಲಿಲ್ಲ. ಮಂಗಳವಾರ ಹನ್ನೊಂದು ಮನೆಯವರು ಡೇರಿ ತಲುಪುವಷ್ಟರಲ್ಲಿ ಹಾಲಿನ ವ್ಯಾನು ಹೋಗಿತ್ತು. ಆ ಹಾಲನ್ನು ಅವರು ಈ ಕಚೇರಿಯ ವರಾಂಡಕ್ಕೆ ತಂದಿಟ್ಟರು.

ಒಂದೇ ಹಸುವಿನ ಹಾಲಿನಿಂದ ಮನೆ ನಡೆಸುವ ಶಾಮಲಮ್ಮನವರೂ ತಮ್ಮ ಕ್ಯಾನನ್ನು ಅಲ್ಲಿಟ್ಟು ಹೊರಟುಹೋದದ್ದನ್ನು ಮುಖ್ತಿಯಾರ್ ಅವರಿಗೆ ಸಹಿಸಲಾಗಲಿಲ್ಲ. ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ನೀರನ್ನ ಡಬ್ಬಕ್ಕೆ ಹಿಡೀತೀನಿ ಸಾರ್. ಭುಸ್ ಅನ್ನೋದನ್ನ ಮಾತ್ರ ನಿಲ್ಲಿಸ್ಬೇಡಿ. ಆಯಮ್ಮಂಗೆ ಅದೇ ಅಲಾರಂ."

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ನೀರನ್ನು ಮುಚ್ಚಳವಿರುವ ಡಬ್ಬದಲ್ಲಿ ಹಿಡಿಯತಕ್ಕದ್ದು. ಎಣ್ಣೆ ಮೇಲೆ ತೇಲಿದ ಮಾತ್ರಕ್ಕೆ ಅಡಿಯಲ್ಲಿರುವುದು ಶುದ್ಧ ನೀರೆಂದು ನಂಬದೆ, ಡಬ್ಬ ಸಮೇತ ಹಳೇ ಆಯಿಲ್ ಒಯ್ಯುವವರಿಗೆ ಒಪ್ಪಿಸತಕ್ಕದ್ದು.

2. ಡಬ್ಬವು ಹಾಲಿನ ಕ್ಯಾನನ್ನು ಹೋಲತಕ್ಕದ್ದಲ್ಲ. ಹೋಲಿದಲ್ಲಿ ಡೇರಿಯ ಆವಲಪ್ಪನವರು ಅದಕ್ಕೆ ಲ್ಯಾಕ್ಟೋಮೀಟರ್ ಇಳಿಸಿ ಡಿಗ್ರಿ ನೋಡತಕ್ಕದ್ದಲ್ಲ.

3. ಶಬ್ದವನ್ನು ಡಬ್ಬದಲ್ಲಿ ಹಿಡಿಯುವಂತಿಲ್ಲ. ಶಬ್ದದಲ್ಲಿ ಎಣ್ಣೆಯ ಅಂಶವಿಲ್ಲವೆಂದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ.

4. ರಂಜಾನ್ ತಿಂಗಳಲ್ಲಿ ಸಹರಿಯ ಊಟಕ್ಕೆ ಎದ್ದ ಮುಖ್ತಿಯಾರ್ ಅವರು, ಹೇಗೂ ಎದ್ದಾಯಿತಲ್ಲ ಎಂದು ನಾಲ್ಕಕ್ಕೇ ವಾಲ್ವ್ ತೆರೆಯತಕ್ಕದ್ದಲ್ಲ. ಹಸುಗಳಿಂದ ಆಕ್ಷೇಪಣೆ ಬಂದಿದೆ.

5. ಮುಖ್ತಿಯಾರ್ ಅವರು ಮುಳಬಾಗಿಲಿನ ಮಗಳ ಮನೆಗೆ ಹೋದ ದಿನಗಳಲ್ಲಿ, ಈ ಕಚೇರಿಯ ಗುಮಾಸ್ತ ನಂದೀಶ್ ಅವರು ಅಂಗಡಿಯ ಮುಂದೆ ನಿಂತು ಬಾಯಿಂದಲೇ 'ಭುಸ್' ಎನ್ನತಕ್ಕದ್ದು. ಬುಧವಾರದ ಪ್ರಯೋಗದಲ್ಲಿ ನಾಯಿಗಳು ಮಾತ್ರ ಎದ್ದಿರುವುದರಿಂದ, ಸದರಿಯವರು ಸುಧಾರಿಸಿಕೊಳ್ಳಲು ಒಂದು ವಾರ ಕಾಲಾವಕಾಶ ನೀಡಿದೆ.

ಸೋಮವಾರದ ಆಜ್ಞೆ ತಪ್ಪಾಗಿತ್ತೆಂದು ಈ ಕಚೇರಿ ಒಪ್ಪುತ್ತದೆ. ಹೀಗೆ ಒಪ್ಪಿದ್ದನ್ನು ಪೂರ್ವನಿದರ್ಶನವಾಗಿ ಪರಿಗಣಿಸುವಂತಿಲ್ಲ.

ಸಹಿ/-
ಸಹಾಯಕ ನಿಯಂತ್ರಕರು (ದ್ರವ, ಶಬ್ದದ ಹೆಚ್ಚುವರಿ ಪ್ರಭಾರ)

ಪ್ರತಿಗಳು:
1. ಮುಖ್ತಿಯಾರ್, ಪಂಕ್ಚರ್ ಅಂಗಡಿ: ಪಾಲನೆಗಾಗಿ.
2. ಆವಲಪ್ಪ, ಹಾಲಿನ ಡೇರಿ: ಕಲಂ 2ನ್ನು ಎರಡು ಸಲ ಓದಲು.
3. ನಂದೀಶ್: ಅಭ್ಯಾಸಕ್ಕಾಗಿ, ಕಚೇರಿ ವೇಳೆಯ ಹೊರಗೆ.
4. ಶಾಮಲಮ್ಮ: ಓದು ಬಾರದ ಕಾರಣ ಕಾಗದ ಕಳಿಸಿಲ್ಲ. ನಾಳೆ ಬೆಳಗ್ಗೆ ಐದಕ್ಕೆ ಕಿವಿಗೆ ತಲುಪಲಿದೆ.