ಕೂಗುವ ಗಾಲಿ

ಅನೀಲಕುಮಾರನ ಬೈಕಿನ ಹಿಂದಿನ ಗಾಲಿಗೆ ವಿಚಿತ್ರ ರೋಗವಿತ್ತು. ಇಂಡಿ ಪಟ್ಟಣದ ಓಣಿಗಳಲ್ಲಿ ವಾರವಿಡೀ ಪೈಲ್ವಾನನಂತೆ ಮೈ ಬಿಗಿದುಕೊಂಡಿರುತ್ತಿದ್ದದ್ದು, ಐತವಾರ ಹೆಂಡತಿ ಜಯಮಾಲಾಳನ್ನು ಹೊತ್ತು ಅವಳ ತವರು ಹೂವಿನ ಹಿಪ್ಪರಗಿ ತನಕ ಓಡಿತೆಂದರೆ, ಸಂಜೆಯೊಳಗೆ ಉಸಿರು ಬಿಟ್ಟು ಮಲಗುತ್ತಿತ್ತು. ಆ ಹೊತ್ತಿಗೆ ಅಲ್ಲಿನ ಪಂಕ್ಚರ್ ಅಂಗಡಿಯೂ ಮಲಗಿರುತ್ತಿತ್ತು. ಮರುದಿನ ಗಾಳಿ ಹೊಡೆಸಿಕೊಂಡು ಇಂಡಿ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೆ.

ಅವನೋ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದವನು. ಕಾಟಾ ನಸುಕಿನಲ್ಲೇ ಶುರು. ಹಿಪ್ಪರಗಿಯಿಂದ ಮೊದಲ ಬಸ್ಸು ಹಿಡಿದರೂ ಹೊತ್ತಿಗೆ ಮುಟ್ಟುವಂತಿರಲಿಲ್ಲ.

“ಈ ಸೋಮವಾರನೂ ತಡಾ ಆತಂದ್ರ ಕಾಟಾದ ಕೀಲಿ ಬ್ಯಾರೆಯವನ ಕೈಯಾಗ” ಎಂದಿದ್ದರು ಸಾಹೇಬರು.

ಅದಕ್ಕೇ ಪುಣೆಯ ಗೆಳೆಯನಿಂದ ಹೊಸ ಸೆನ್ಸರ್ ತರಿಸಿದ್ದ. ಗಾಲಿಗೆ ಗಾಳಿ ತುಂಬುವ ವಾಲ್ವಿನ ತುದಿಗೆ ಅದನ್ನು ತಿರುವಬೇಕು. ಗಾಳಿ ಇಳಿದರೆ ಅದರ ಜೊತೆಗೆ ಬಂದ, ಜೇಬಿನಲ್ಲಿಟ್ಟುಕೊಳ್ಳುವ ಡಬ್ಬಿ ಕೂಗಬೇಕು.

ಐತವಾರ ಬೆಳಿಗ್ಗೆ ಮೆಕ್ಯಾನಿಕ್ ಶಹಾಬುದ್ದೀನ ಗಾಲಿಯನ್ನು ನೀರಿನಲ್ಲಿ ಮುಳುಗಿಸಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ.

“ತೂತಿಲ್ರಿ ಅನೀಲಣ್ಣ. ವಾಲ್‌ದಾಗ ದೋಷ ಐತಿ. ಬದಲ್ಸೋಣ.”

ಕರೆಯದೆಯೇ ಬಂದು ಕುಳಿತಿದ್ದ ಪಕ್ಕದ ಮನೆಯ ಗುರಪ್ಪ, ರಿಟೈರಾದ ಬಸ್ ಡ್ರೈವರ್, ಬಾಯಿ ಹಾಕಿದ. “ತಮ್ಮಾ, ರಬ್ಬರ್ ವಾಲ್ ಹಾಕ್ಸು. ಮೆತ್ತಗಿದ್ದಷ್ಟೂ ಛಲೋ.”

ರಬ್ಬರಿನದನ್ನೇ ಹಾಕಿಸಿದ. ಪರೀಕ್ಷಿಸಲೆಂದು ಒಬ್ಬನೇ ಹೋಗಿ ಊರಾಚೆ ವೇಗ ಏರಿಸಿದ್ದೇ ತಡ, ಸೆನ್ಸರಿನ ಭಾರಕ್ಕೆ ವಾಲ್ವು ಎಮ್ಮೆಯ ಕಿವಿಯಂತೆ ಬಡಿದಾಡಿ ಬುಡದಲ್ಲೇ ಸೀಳಿತು. ಜೇಬು ಕಿರುಚಿತು. ಬೈಕು ದಬ್ಬಿಕೊಂಡು ವಾಪಸು ಬರುವಾಗ ಓಣಿಯ ಇಂದುಬಾಯಿ ಎದುರಾದಳು.

“ಯಾಕ್ರಿ, ಇವತ್ತ ಗಾಡೀನ ನಿಮ್ಮ ಮ್ಯಾಲೆ ಸವಾರಿ ಮಾಡಾಕತ್ತೈತಿ?”

ಗ್ಯಾರೇಜಿನಲ್ಲಿ ಗುರಪ್ಪ ನಿಮಿಷದಲ್ಲಿ ಪಕ್ಷ ಬದಲಿಸಿದ. “ನಾ ಹೇಳಲಿಲ್ಲೇನು? ಹಿತ್ತಾಳಿದು ಹಾಕು, ಉದ್ದಂದು!”

ಉದ್ದನೆಯ ನೆಟ್ಟನೆ ಹಿತ್ತಾಳೆ ವಾಲ್ವು ಹಾಕಿ ಗಾಲಿ ತಿರುಗಿಸಿದರೆ, ಸೆನ್ಸರು ಬ್ರೇಕಿಗೆ ಬಡಿದು ಕಮ್ಮಾರನ ಕುಲುಮೆಯ ಸದ್ದು.

“ಗುರಪ್ಪಕಾಕಾ, ನೀವು ಬಸ್ ಓಡಸ್ತಿದ್ರೋ, ಮಂದೀನ ಓಡಸ್ತಿದ್ರೋ?” ಎಂದು ಶಹಾಬುದ್ದೀನ ನಕ್ಕ. ಕೊನೆಗೆ ಡಬ್ಬ ತಡಕಿ, ಕತ್ತು ಒಂದು ಮಗ್ಗುಲಿಗೆ ಹೊರಳಿದ ಗಿಡ್ಡ ಲೋಹದ ವಾಲ್ವು ತೆಗೆದು, ನಟ್ಟು ಬಿಗಿದು ಕೂಡಿಸಿದ. “ಇನ್ನ ಆನಿ ಜಗ್ಗಿದ್ರೂ ಅಲಗಾಡೂದಿಲ್ಲ. ಹೋಗಿಬರ್ರಿ.”

ಹೂವಿನ ಹಿಪ್ಪರಗಿ ತನಕ ಡಬ್ಬಿ ತೊಟ್ಟಿಲ ಕೂಸಿನಂತೆ ನಿದ್ದೆ ಹೋಯಿತು. ಅನೀಲಕುಮಾರನ ಎದೆ ಉಬ್ಬಿತು. ಹೊತ್ತು ಇಳಿಯುವ ಮೊದಲೇ ಹೊರಡುವುದೆಂದು ಸಾರಿ ಊಟಕ್ಕೆ ಕುಳಿತ. ಅತ್ತೆ ಸಾವಿತ್ರವ್ವ ಹೋಳಿಗೆಯ ಮೇಲೆ ತುಪ್ಪ ಸುರಿದು, “ಸಾವಕಾಶ ಉಣ್ರಿ ಅಳಿಯಾರ, ನಾ ಎಮ್ಮಿಗೆ ನೀರು ಕುಡಿಸಿ ಬರ್ತೇನಿ” ಎಂದು ಹೊರಗೆ ಹೋದಳು.

ಎರಡನೇ ತುತ್ತು ಬಾಯಿಗೆ ಹೋಗುವ ಮೊದಲೇ ಜೇಬು ಕಿರುಚಿತು.

ತುಪ್ಪದ ಕೈಯಲ್ಲೇ ಅಂಗಳಕ್ಕೆ ಹಾರಿದ. ಬೈಕಿನ ಹಿಂದೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಹಾರೆ ಹಿಡಿದು ಕುಳಿತಿದ್ದವಳು ಸಾವಿತ್ರವ್ವ! ವಾಲ್ವು ಸೆನ್ಸರಿನ ಸಮೇತ ಮುರಿದು ಅವಳ ಕಾಲ ಬಳಿ ಬಿದ್ದಿತ್ತು.

“ಅತ್ತೀ! ಇದೇನ್ರಿ ಇದು?”

ಸಾವಿತ್ರವ್ವ ಬೆವರೊರೆಸಿಕೊಂಡಳು. “ಪ್ರತೀ ವಾರ ಒಂದ ಕಡ್ಡಿ ಒತ್ತಿದ್ರ ಸಾಕಿತ್ರಿ, ತಾನ ಪುಸ್ ಅಂತಿತ್ತು. ಈ ಸಲ ಅದಕ್ಕ ಎಂಥಾದೋ ಬೀಗಾ ಜಡಸ್ಕೊಂಡು ಬಂದೀರಿ. ಮುದುಕಿ ಏನ್ ಮಾಡ್ಲಿ, ಹಾರಿ ತರಬೇಕಾತು.” ಆಮೇಲೆ ದನಿ ಇಳಿಸಿದಳು. “ಮಗಳು ಬಂದು ಎರಡು ಮಾತಾಡೂದರಾಗ ಗಾಡಿ ಚಾಲೂ ಮಾಡ್ತೀರಿ. ನೀವು ಹೋದಮ್ಯಾಲೆ ಮನಿ ತಿನ್ನಾಕ ಬರ್ತೈತ್ರಿ.”

ಈ ಮಾತಿಗೆ ಅನೀಲಕುಮಾರನ ಸಿಟ್ಟು ಕರಗಿತು. ಪಾಪ ಅನ್ನಿಸಿ ಹೆಂಡತಿಯ ಕಡೆ ನೋಡಿದ. ಹೊಸ್ತಿಲಲ್ಲಿ ನಿಂತಿದ್ದ ಜಯಮಾಲಾ ಹಣೆ ಬಡಿದುಕೊಂಡಳು.

“ಯವ್ವಾ! ಬರೇ ಗಾಳಿ ಬಿಡು ಅಂತ ನಾ ಹೇಳಿದ್ರ, ವಾಲ್ ಮುರದಿಟ್ಟೆಲ್ಲ!”

ಅನೀಲಕುಮಾರ ಮುರಿದ ತುಂಡು ಎತ್ತಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕುಳಿತ. ಇಷ್ಟು ವಾರ ಗಾಳಿ ಹೊಡೆಸಿಕೊಂಡಾದರೂ ಹೋಗುತ್ತಿದ್ದ. ಈಗ ಹೊಡೆಸೋಣವೆಂದರೆ ವಾಲ್ವೇ ಇರಲಿಲ್ಲ, ಹೊಸದು ಇಂಡಿಯಲ್ಲೇ ಸಿಗಬೇಕು. ಹೋಗಲಿ, ಸಾಹೇಬರಿಗೆ ಪಂಕ್ಚರ್ ಎಂದರೆ ಒಮ್ಮೆಯಾದರೂ ನಂಬಿಯಾರು. ಅತ್ತೆ ಎಂದು ಹೇಳುವುದು ಹೇಗೆ?